ಮೊದಲ ಗ್ರಾಫಿಕ್ಸ್ ಟ್ಯಾಬ್ಲೆಟ್: ಕಡಿಮೆ ಬೆಲೆಯಲ್ಲಿ ಯಾವುದನ್ನು ಆರಿಸಬೇಕು?

ಚಿತ್ರ ಬರೆಯುವ ಕೈಯಿದ್ದು, ಕಂಪ್ಯೂಟರಿನಲ್ಲಿ ಮೌಸ್ ಹಿಡಿದು ಒದ್ದಾಡಿ ಸಾಕಾದವರು ಗ್ರಾಫಿಕ್ಸ್ ಟ್ಯಾಬ್ಲೆಟ್ ಕೊಳ್ಳಲು ಹೊರಡುತ್ತಾರೆ. ಮುಂಬಯಿಯ ಕನ್ನಡಿಗರಲ್ಲಿಯೇ ಇಂಥವರು ಹಲವು ಬಗೆ. ಸಂಘದ ವಾರ್ಷಿಕೋತ್ಸವದ ಸ್ಮರಣ ಸಂಚಿಕೆಗೆ ಮುಖಪುಟ ಮಾಡಿಕೊಡುವವರಿದ್ದಾರೆ. ಆನ್‌ಲೈನ್ ಪಾಠದಲ್ಲಿ ಲೆಕ್ಕ ಬಿಡಿಸಿ ತೋರಿಸಬೇಕಾದ ಶಿಕ್ಷಕರಿದ್ದಾರೆ. ಯಕ್ಷಗಾನದ ವೇಷಗಳನ್ನು ಬರೆದು ಗೆಳೆಯರಿಗೆ ಕಳುಹಿಸುವ ಹವ್ಯಾಸಿಗಳಿದ್ದಾರೆ. ಮಹಾರಾಷ್ಟ್ರ ಸರಕಾರದ ಎಲಿಮೆಂಟರಿ ಮತ್ತು ಇಂಟರ್‌ಮೀಡಿಯೆಟ್ ಚಿತ್ರಕಲಾ ಪರೀಕ್ಷೆಗಳನ್ನು ಮುಗಿಸಿ ಮುಂದೇನು ಎಂದು ಕೇಳುವ ಶಾಲಾ ಮಕ್ಕಳೂ ಇದ್ದಾರೆ. ಇವರಲ್ಲಿ ಹೆಚ್ಚಿನವರು ಮೊದಲ ಸಲಕ್ಕೆ ಖರ್ಚು ಮಾಡಲು ಸಿದ್ಧರಿರುವುದು ಮೂರು ಸಾವಿರದಿಂದ ಏಳು ಸಾವಿರ ರೂಪಾಯಿಯವರೆಗೆ. ಆ ಬೆಲೆಗೆ ಸಿಗುವ ಟ್ಯಾಬ್ಲೆಟ್‌ಗಳು ಇಂದು ಸಾಕಷ್ಟಿವೆ, ಅವುಗಳಲ್ಲಿ ಹಲವು ನಿಜಕ್ಕೂ ಚೆನ್ನಾಗಿವೆ. ಆದರೆ ಅವನ್ನು ಹೋಲಿಸುವಾಗ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ಅಂಕಿಗಳನ್ನು ಬದಿಗಿಟ್ಟು, ಟ್ಯಾಬ್ಲೆಟ್ಟಿನ ಅಳತೆ, ಪೆನ್ನಿನ ಗುಣ ಮತ್ತು ಡ್ರೈವರ್ (ಟ್ಯಾಬ್ಲೆಟ್ಟಿನ ಸಂಕೇತಗಳನ್ನು ಕಂಪ್ಯೂಟರಿಗೆ ಅರ್ಥ ಮಾಡಿಸುವ) ತಂತ್ರಾಂಶ ಈ ಮೂರನ್ನು ನೋಡಿ ನಿರ್ಧರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇಲ್ಲಿ ಹೇಳುತ್ತಿರುವುದು ಸ್ವಂತ ಪರದೆಯಿಲ್ಲದ, ಯುಎಸ್‌ಬಿ ಕೇಬಲ್ ಮೂಲಕ ಕಂಪ್ಯೂಟರಿಗೆ ಜೋಡಿಸಿಕೊಳ್ಳುವ ಚಪ್ಪಟೆ ಹಲಗೆಯ ಬಗ್ಗೆ. ಪೆನ್ನನ್ನು ಹಲಗೆಯ ಮೇಲೆ ಆಡಿಸಿದರೆ ಗೆರೆ ಮಾನಿಟರಿನಲ್ಲಿ ಮೂಡುತ್ತದೆ. ಹಲಗೆಯೊಳಗೆ ತೆಳುವಾದ ತಂತಿ ಸುರುಳಿಗಳ ಜಾಲವೊಂದಿದ್ದು, ಅದು ಹೊರಸೂಸುವ ವಿದ್ಯುತ್ಕಾಂತೀಯ ಸಂಕೇತಕ್ಕೆ ಪೆನ್ನಿನೊಳಗಿನ ಪುಟ್ಟ ಸುರುಳಿ ಅನುರಣಿಸಿ ಮರುಸಂಕೇತ ಕಳುಹಿಸುತ್ತದೆ. ಆ ಮರುಸಂಕೇತದಿಂದಲೇ ಪೆನ್ನು ಎಲ್ಲಿದೆ, ನಿಬ್ಬಿನ ಮೇಲೆ ಎಷ್ಟು ಒತ್ತಡ ಬಿದ್ದಿದೆ ಎಂಬುದು ತಿಳಿಯುತ್ತದೆ. ಪೆನ್ನಿಗೆ ಬೇಕಾದ ಶಕ್ತಿಯೂ ಹಲಗೆಯಿಂದಲೇ ಬರುವುದರಿಂದ ಅದಕ್ಕೆ ಬ್ಯಾಟರಿ ಬೇಡ. 1983ರಲ್ಲಿ ಸ್ಥಾಪನೆಯಾದ ಜಪಾನಿನ ವಾಕಮ್ ಕಂಪನಿ ಬಹುಕಾಲ ಈ ವಿಧಾನದ ಮುಂಚೂಣಿಯಲ್ಲಿತ್ತು. ಆ ದಿನಗಳಲ್ಲಿ ಅಗ್ಗದ ಟ್ಯಾಬ್ಲೆಟ್ ಎಂದರೆ ಬ್ಯಾಟರಿ ಹಾಕುವ ಅಥವಾ ಚಾರ್ಜ್ ಮಾಡುವ ದಪ್ಪ ಪೆನ್ನು ಎಂದೇ ಅರ್ಥವಾಗಿತ್ತು. ಈಗ ಹ್ಯುಯಾನ್, ಎಕ್ಸ್‌ಪಿ-ಪೆನ್, ಗಾವೊಮನ್ ಮೊದಲಾದ ಕಂಪನಿಗಳ ಆರಂಭಿಕ ಮಾದರಿಗಳಲ್ಲೂ ಬ್ಯಾಟರಿರಹಿತ ಪೆನ್ನೇ ಬರುತ್ತದೆ. ಆದ್ದರಿಂದ ಯಾರಾದರೂ ಚಾರ್ಜ್ ಮಾಡಬೇಕಾದ ಪೆನ್ನಿರುವ ಹಳೆಯ ಮಾದರಿಯನ್ನು ಐನೂರು ರೂಪಾಯಿ ಕಡಿಮೆಗೆ ಕೊಡುತ್ತೇನೆಂದರೆ ಅದನ್ನು ಒಪ್ಪಿಕೊಳ್ಳಲು ಕಾರಣವಿಲ್ಲ.

ಒತ್ತಡದ ಅಂಕಿಗಳ ಮಾತು

ಜಾಹೀರಾತುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಣ್ಣಿಗೆ ಬೀಳುವುದು 2048, 4096, 8192 ಎಂಬ ಸಂಖ್ಯೆಗಳು. ಪೆನ್ನಿನ ಮೇಲೆ ಬೀಳುವ ಒತ್ತಡವನ್ನು ಎಷ್ಟು ಹಂತಗಳಾಗಿ ಟ್ಯಾಬ್ಲೆಟ್ ಗುರುತಿಸಬಲ್ಲದು ಎಂಬುದನ್ನು ಇವು ಹೇಳುತ್ತವೆ. ಒತ್ತಡ ಗುರುತಿಸುವ ಶಕ್ತಿ ಇರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಮೈಸೂರಿನಲ್ಲಿ ಹುಟ್ಟಿ ಮುಂಬಯಿಯ ಪತ್ರಿಕೆಯಲ್ಲಿ ದಶಕಗಳ ಕಾಲ ವ್ಯಂಗ್ಯಚಿತ್ರ ಬರೆದ ಆರ್. ಕೆ. ಲಕ್ಷ್ಮಣ್ ಅವರ ಕುಂಚದ ಗೆರೆಗಳನ್ನು ನೋಡಿದವರಿಗೆ, ಒಂದೇ ಗೆರೆ ಒಂದು ತುದಿಯಲ್ಲಿ ಕೂದಲಿನಷ್ಟು ತೆಳುವಾಗಿ ಹೊರಟು ನಡುವೆ ದಪ್ಪವಾಗಿ ಮತ್ತೆ ತೆಳುವಾಗುವುದರಲ್ಲಿ ಎಷ್ಟು ಜೀವವಿದೆ ಎಂಬುದು ಗೊತ್ತಿರುತ್ತದೆ. ಮೌಸಿಗೆ ಸಾಧ್ಯವಾಗದ, ಪೆನ್ನಿಗೆ ಸಾಧ್ಯವಾಗುವ ಕೆಲಸ ಅದೇ. ಆದರೆ 2048 ಹಂತಗಳಿರುವ ಟ್ಯಾಬ್ಲೆಟ್ಟಿನಲ್ಲಿ ಬರೆದ ಗೆರೆಗೂ 8192 ಹಂತಗಳಿರುವುದರಲ್ಲಿ ಬರೆದ ಗೆರೆಗೂ ಇರುವ ವ್ಯತ್ಯಾಸವನ್ನು, ಯಾವುದು ಯಾವುದೆಂದು ಮೊದಲೇ ಹೇಳದಿದ್ದರೆ, ನುರಿತ ಕಲಾವಿದರೂ ಗುರುತಿಸುವುದು ಕಷ್ಟ. ಹಂತಗಳು ನಾಲ್ಕು ಪಟ್ಟು ಹೆಚ್ಚಿದ್ದರೆ ಗೆರೆ ನಾಲ್ಕು ಪಟ್ಟು ಚೆನ್ನಾಗುವುದಿಲ್ಲ.

ಗೆರೆಯ ಗುಣವನ್ನು ನಿಜವಾಗಿ ನಿರ್ಧರಿಸುವುದು ಎಷ್ಟು ಹಗುರವಾದ ಸ್ಪರ್ಶಕ್ಕೆ ಪೆನ್ನು ಮೊದಲು ಸ್ಪಂದಿಸುತ್ತದೆ ಎಂಬ ಅಂಶ. ಕೆಲವು ಪೆನ್ನುಗಳು ಸ್ವಲ್ಪ ಒತ್ತಿದ ಮೇಲಷ್ಟೇ ಎಚ್ಚರಗೊಳ್ಳುತ್ತವೆ; ಆಗ ತೆಳು ಗೆರೆಯ ಆರಂಭವೇ ಮೂಡುವುದಿಲ್ಲ, ಛಾಯೆ ತುಂಬುವಾಗ ಅಲ್ಲಲ್ಲಿ ಗೆರೆ ತಪ್ಪಿಹೋಗುತ್ತದೆ, ಬರೆಯುವವರು ತಮಗೆ ತಿಳಿಯದೆಯೇ ಬಲವಾಗಿ ಒತ್ತತೊಡಗಿ ಮಣಿಕಟ್ಟು ನೋಯಿಸಿಕೊಳ್ಳುತ್ತಾರೆ. ಪೆಟ್ಟಿಗೆಯ ಮೇಲೆ ಈ ಅಂಶ ಬಹುಮಟ್ಟಿಗೆ ಅಚ್ಚಾಗಿರುವುದಿಲ್ಲ. ಅದನ್ನು ಪರೀಕ್ಷಿಸುವ ವಿಧಾನವನ್ನು ಮುಂದೆ ಹೇಳಿದ್ದೇನೆ.

ಸೆಕೆಂಡಿಗೆ ಎಷ್ಟು ಬಾರಿ ಪೆನ್ನಿನ ಸ್ಥಾನವನ್ನು ವರದಿ ಮಾಡುತ್ತದೆ ಎಂಬ ಮತ್ತೊಂದು ಅಂಕಿಯೂ ಇದೆ: ಒನ್ ಬೈ ವಾಕಮ್ ಎಂಬ ಮಾದರಿಯಲ್ಲಿ ಅದು 133, ಹ್ಯುಯಾನ್ ಎಚ್640ಪಿಯಲ್ಲಿ 233. ಈ ಅಂಕಿಯ ಬಗ್ಗೆ ಬಿಸಿಬಿಸಿ ಚರ್ಚೆ ನಡೆಸುವ ವಿಮರ್ಶೆಗಳು ಬಹಳ ಸಿಗುತ್ತವೆ. ಅವುಗಳಲ್ಲಿ ಗಣನೀಯ ಪಾಲು ಚಿತ್ರಕಾರರದಲ್ಲ, ‘ಓಸು’ ಎಂಬ ತಾಳದ ವಿಡಿಯೋ ಗೇಮ್ ಆಡುವವರದು ಎಂಬುದು ತಿಳಿದಿರಲಿ. ಆ ಆಟಕ್ಕೆ ಸಣ್ಣ ಟ್ಯಾಬ್ಲೆಟ್‌ಗಳು ಅಚ್ಚುಮೆಚ್ಚು. ಸಾಧಾರಣ ವೇಗದಲ್ಲಿ ಚಿತ್ರ ಬರೆಯುವವರಿಗೆ ಎರಡೂ ಸಾಕು.

ಅಳತೆ: ಮೇಜು, ಮಾನಿಟರ್, ಅನುಪಾತ

ಅಳತೆಯ ವಿಷಯದಲ್ಲಿ ‘ದೊಡ್ಡದಿದ್ದಷ್ಟೂ ಒಳ್ಳೆಯದು’ ಎಂಬ ಮಾತು ಪೂರ್ತಿ ನಿಜವಲ್ಲ. ಇಲ್ಲಿ ಲೆಕ್ಕ ಹಾಕಬೇಕಾದದ್ದು ಟ್ಯಾಬ್ಲೆಟ್ಟಿನ ಬರೆಯುವ ಜಾಗಕ್ಕೂ ನಿಮ್ಮ ಪರದೆಗೂ ಇರುವ ಪ್ರಮಾಣವನ್ನು. 15.6 ಇಂಚಿನ ಲ್ಯಾಪ್‌ಟಾಪಿನ ಪರದೆ ಸುಮಾರು 34.5 ಸೆಂಟಿಮೀಟರ್ ಅಗಲವಿರುತ್ತದೆ. ಅದಕ್ಕೆ 15.2 ಸೆಂಟಿಮೀಟರ್ ಅಗಲದ ಸಣ್ಣ ಟ್ಯಾಬ್ಲೆಟ್ ಜೋಡಿಸಿದರೆ ಕೈ ಒಂದು ಸೆಂಟಿಮೀಟರ್ ಸರಿದಾಗ ಪರದೆಯ ಮೇಲಿನ ಗೆರೆ ಸುಮಾರು 2.3 ಸೆಂಟಿಮೀಟರ್ ಸರಿಯುತ್ತದೆ. ಇದು ಸುಲಭವಾಗಿ ರೂಢಿಯಾಗುವ ಪ್ರಮಾಣ. ಅದೇ ಟ್ಯಾಬ್ಲೆಟ್ಟನ್ನು 24 ಇಂಚಿನ ಮಾನಿಟರಿಗೆ ಜೋಡಿಸಿದರೆ ಒಂದು ಸೆಂಟಿಮೀಟರಿಗೆ 3.5 ಸೆಂಟಿಮೀಟರ್ ಆಗುತ್ತದೆ. ಕೈಯ ಸಣ್ಣ ನಡುಕವೂ ಪರದೆಯ ಮೇಲೆ ದೊಡ್ಡದಾಗಿ ಕಾಣುತ್ತದೆ. 24 ಇಂಚಿನ ಮಾನಿಟರ್ ಇರುವವರು ಹತ್ತು ಇಂಚು, ಅಂದರೆ 25.4 ಸೆಂಟಿಮೀಟರ್ ಅಗಲದ ಟ್ಯಾಬ್ಲೆಟ್ ಕೊಂಡರೆ ಪ್ರಮಾಣ 2.1ಕ್ಕೆ ಇಳಿದು ಮತ್ತೆ ಹದಕ್ಕೆ ಬರುತ್ತದೆ. ಹೀಗೆ ನೋಡಿದರೆ ಲ್ಯಾಪ್‌ಟಾಪ್ ಇರುವವರಿಗೆ ಸಣ್ಣದೂ ದೊಡ್ಡ ಮಾನಿಟರ್ ಇರುವವರಿಗೆ ಹತ್ತು ಇಂಚಿನದೂ ಸಹಜವಾದ ಆಯ್ಕೆ.

ಇದರ ಜೊತೆಗೆ ಮನೆಯ ಮೇಜನ್ನೂ ಅಳೆಯಬೇಕು. ಡೊಂಬಿವಿಲಿಯಲ್ಲೋ ಮೀರಾ ರೋಡಿನಲ್ಲೋ ಒಂದು ಕೋಣೆ-ಅಡುಗೆಮನೆಯ ಫ್ಲ್ಯಾಟಿನಲ್ಲಿ ಇರುವವರಿಗೆ ಊಟದ ಮೇಜೇ ಓದುವ ಮೇಜೂ ಆಗಿರುತ್ತದೆ. ಹತ್ತು ಇಂಚಿನ ಬರೆಯುವ ಜಾಗವಿರುವ ಟ್ಯಾಬ್ಲೆಟ್ಟಿನ ಒಟ್ಟು ಅಗಲ, ಅಂಚು ಮತ್ತು ಗುಂಡಿಗಳನ್ನು ಸೇರಿಸಿದರೆ, 35 ಸೆಂಟಿಮೀಟರ್ ದಾಟುತ್ತದೆ. ಕೀಬೋರ್ಡಿನ ಮುಂದೆ ಅದನ್ನಿಟ್ಟರೆ ಮೊಣಕೈ ಊರಲು ಜಾಗ ಉಳಿಯುವುದಿಲ್ಲ, ಬದಿಗಿಟ್ಟರೆ ಮೈ ತಿರುಚಿ ಕೂರಬೇಕಾಗುತ್ತದೆ. ಟ್ಯಾಬ್ಲೆಟ್ ಯಾವಾಗಲೂ ಪರದೆಗೆ ನೇರವಾಗಿ, ಎದೆಗೆ ಎದುರಾಗಿ ಇರಬೇಕು. ಸ್ವಲ್ಪ ಓರೆಯಾದರೂ ಅಡ್ಡಗೆರೆಗಳೆಲ್ಲ ಪರದೆಯಲ್ಲಿ ಓರೆಯಾಗಿ ಮೂಡುತ್ತವೆ. ಲೋಕಲ್ ರೈಲಿನಲ್ಲಿ ದಿನವೂ ಹೊತ್ತೊಯ್ಯುವವರಿಗಂತೂ ಸಣ್ಣದೇ ಸರಿ. ವಿರಾರ್ ಗಾಡಿಯ ನೂಕುನುಗ್ಗಲಿನಲ್ಲಿ ಚೀಲದೊಳಗಿನ ತೆಳು ಹಲಗೆಯ ಮೇಲೆ ಬೀಳುವ ಭಾರವನ್ನು ಊಹಿಸಿಕೊಳ್ಳಬಹುದು.

ಅಳತೆಗೆ ಸಂಬಂಧಿಸಿದ ಇನ್ನೊಂದು ವಿಚಾರವನ್ನು ಮಾರುವವರು ಹೇಳುವುದೇ ಇಲ್ಲ. ಹೆಚ್ಚಿನ ಪರದೆಗಳ ಅಗಲ ಮತ್ತು ಎತ್ತರದ ಅನುಪಾತ 16:9. ಆರು ಇಂಚು ಅಗಲ, ನಾಲ್ಕು ಇಂಚು ಎತ್ತರದ ಟ್ಯಾಬ್ಲೆಟ್ಟಿನ ಅನುಪಾತ 3:2. ಇಡೀ ಟ್ಯಾಬ್ಲೆಟ್ಟನ್ನು ಇಡೀ ಪರದೆಗೆ ಹೊಂದಿಸಿದರೆ ಕೈಯಲ್ಲಿ ಸರಿಯಾಗಿ ಸುತ್ತಿದ ವೃತ್ತ ಪರದೆಯಲ್ಲಿ ಸುಮಾರು ನೂರಕ್ಕೆ ಹದಿನೆಂಟರಷ್ಟು ಅಡ್ಡಕ್ಕೆ ಹಿಗ್ಗಿ ಮೊಟ್ಟೆಯಾಕಾರವಾಗುತ್ತದೆ. ಕಾಗದದ ಮೇಲೆ ಚೆನ್ನಾಗಿ ಬರೆಯುವವರು ಟ್ಯಾಬ್ಲೆಟ್ಟಿನಲ್ಲಿ ಮುಖ ಬರೆದಾಗ ಅದೇಕೋ ಅಗಲವಾಗಿ ಕಾಣುತ್ತದೆ ಎಂದು ಬೇಸರಪಡುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಕನ್ನಡದ ಅಕ್ಷರಗಳನ್ನು ಕೈಯಲ್ಲಿ ಬಿಡಿಸುವವರಿಗೆ ಇದು ಇನ್ನೂ ಬೇಗ ಗೊತ್ತಾಗುತ್ತದೆ, ಏಕೆಂದರೆ ‘ಠ’, ‘ರ’, ‘ಬ’ಗಳ ದುಂಡು ಸ್ವಲ್ಪ ಕೆಟ್ಟರೂ ಕಣ್ಣಿಗೆ ಹೊಡೆಯುತ್ತದೆ. ಪರಿಹಾರ ಸುಲಭ: ಡ್ರೈವರ್ ತಂತ್ರಾಂಶದಲ್ಲಿ ಪರದೆಯ ಅನುಪಾತವನ್ನೇ ಉಳಿಸಿಕೊಳ್ಳುವ ಆಯ್ಕೆಯೊಂದಿರುತ್ತದೆ; ಅದನ್ನು ಗುರುತು ಹಾಕಿದರೆ ಟ್ಯಾಬ್ಲೆಟ್ಟಿನ ನಾಲ್ಕು ಇಂಚು ಎತ್ತರದಲ್ಲಿ ಸುಮಾರು 3.4 ಇಂಚು ಮಾತ್ರ ಬಳಕೆಯಾಗಿ ವೃತ್ತ ವೃತ್ತವಾಗಿಯೇ ಉಳಿಯುತ್ತದೆ. ಕೊಳ್ಳುವ ಮುನ್ನ ಬಳಕೆಯ ಜಾಗವನ್ನು ಲೆಕ್ಕ ಹಾಕುವವರು ಈ ಕಡಿತವನ್ನೂ ಗಣನೆಗೆ ತೆಗೆದುಕೊಳ್ಳಬೇಕು. ನಾಲ್ಕು ಇಂಚು ಅಗಲದ ಅತಿ ಸಣ್ಣ ಮಾದರಿಗಳು ಅಗ್ಗವಾದರೂ ಈ ಕಾರಣದಿಂದಲೇ ನಾನು ಅವನ್ನು ಸಹಿ ಹಾಕಲು, ಪಿಡಿಎಫ್ ಮೇಲೆ ಗುರುತು ಮಾಡಲು ಮಾತ್ರ ಸೂಚಿಸುತ್ತೇನೆ, ಚಿತ್ರ ಕಲಿಯಲು ಅಲ್ಲ.

ಮಾದರಿಗಳ ನಡುವೆ

ಒನ್ ಬೈ ವಾಕಮ್ ಸಣ್ಣ ಮಾದರಿಯ ಬರೆಯುವ ಜಾಗ 152 ಮತ್ತು 95 ಮಿಲಿಮೀಟರ್, ಒತ್ತಡದ ಹಂತ 2048. ಹಲಗೆಯ ಮೇಲೆ ಒಂದೂ ಗುಂಡಿಯಿಲ್ಲ, ಪೆನ್ನಿನಲ್ಲಿ ಎರಡು ಗುಂಡಿಗಳಿವೆ, ಪೆನ್ನಿನ ಓರೆಯನ್ನು ಗುರುತಿಸುವ ಶಕ್ತಿಯಿಲ್ಲ. ಕಾಗದದ ಮೇಲೆ ಇಷ್ಟು ಬಡವಾಗಿ ಕಾಣುವ ಟ್ಯಾಬ್ಲೆಟ್ ಈ ವರ್ಗದಲ್ಲಿ ಮತ್ತೊಂದಿಲ್ಲ. ಹಾಗಿದ್ದರೂ ಹೊಸಬರಿಗೆ ನಾನು ಮೊದಲು ಹೇಳುವ ಹೆಸರು ಇದೇ. ಹಗುರವಾದ ಸ್ಪರ್ಶಕ್ಕೂ ಗೆರೆ ಮೂಡುತ್ತದೆ, ನಿಧಾನವಾಗಿ ಎಳೆದ ಗೆರೆ ನಡುಗುವುದಿಲ್ಲ, ಡ್ರೈವರ್ ಕಾಟ ಕಡಿಮೆ. ಲಿನಕ್ಸ್ ಬಳಸುವವರಿಗೆ ಇನ್ನೂ ಒಂದು ಅನುಕೂಲ: ವಾಕಮ್ ಟ್ಯಾಬ್ಲೆಟ್‌ಗಳಿಗೆ ಬೇಕಾದ ಬೆಂಬಲ ಲಿನಕ್ಸ್ ಕರ್ನಲ್ಲಿನಲ್ಲೇ ಇರುವುದರಿಂದ ಕೇಬಲ್ ಸಿಕ್ಕಿಸಿದೊಡನೆ ಕೆಲಸ ಮಾಡುತ್ತದೆ. ಕ್ರೋಮ್‌ಬುಕ್ಕಿನಲ್ಲೂ ನಡೆಯುತ್ತದೆ. ಇದರದೇ ಮಧ್ಯಮ ಮಾದರಿ 216 ಮತ್ತು 135 ಮಿಲಿಮೀಟರಿನದು. ಚೆನ್ನಾಗಿದೆ, ಆದರೆ ಬೆಲೆ ಏರುತ್ತದೆ, ಆ ಬೆಲೆಗೆ ಬೇರೆಯವರು ಹೆಚ್ಚು ಕೊಡುತ್ತಾರೆ.

ಹ್ಯುಯಾನ್ ಇನ್‌ಸ್ಪಿರಾಯ್ ಎಚ್640ಪಿಯ ಬರೆಯುವ ಜಾಗ 160 ಮತ್ತು 100 ಮಿಲಿಮೀಟರ್, ಹಂತಗಳು 8192, ಎಡಬದಿಯಲ್ಲಿ ಆರು ಗುಂಡಿಗಳು. ವಾಕಮ್‌ನ ಸಣ್ಣದಕ್ಕೂ ಇದಕ್ಕೂ ನೇರ ಸ್ಪರ್ಧೆ. ಆ ಆರು ಗುಂಡಿಗಳು ಶೋಕಿಯಲ್ಲ. ಚಿತ್ರ ಬರೆಯುವಾಗ ಮಾಡಿದ್ದನ್ನು ಹಿಂದೆಗೆಯುವುದು, ಕುಂಚದ ಗಾತ್ರ ಹಿಗ್ಗಿಸಿ ಕುಗ್ಗಿಸುವುದು, ಕ್ಯಾನ್ವಾಸನ್ನು ಸರಿಸುವುದು ಇವು ಗಂಟೆಗೆ ನೂರಾರು ಬಾರಿ ಬೇಕಾಗುವ ಕೆಲಸಗಳು. ಕೀಬೋರ್ಡಿಗೆ ಜಾಗವಿಲ್ಲದ ಸಣ್ಣ ಮೇಜಿನಲ್ಲಿ ಇವೆಲ್ಲ ಎಡಗೈಯ ಬೆರಳಿಗೆ ಸಿಗುವುದು ದೊಡ್ಡ ಸೌಲಭ್ಯ. ಎಡಗೈಯಲ್ಲಿ ಬರೆಯುವವರು ಟ್ಯಾಬ್ಲೆಟ್ಟನ್ನು ತಲೆಕೆಳಗು ತಿರುಗಿಸಿ ಡ್ರೈವರ್‌ನಲ್ಲಿ 180 ಡಿಗ್ರಿ ಎಂದು ಹೊಂದಿಸಿಕೊಂಡರೆ ಗುಂಡಿಗಳು ಬಲಬದಿಗೆ ಬರುತ್ತವೆ. ಯುಎಸ್‌ಬಿ ಕೇಬಲನ್ನು ಫೋನಿಗೆ ಸಿಕ್ಕಿಸುವ ಓಟಿಜಿ ಕೊಂಡಿಯ ಮೂಲಕ ಆಂಡ್ರಾಯ್ಡ್ ಫೋನಿಗೂ ಇದನ್ನು ಜೋಡಿಸಬಹುದು. ಇದರ ನಂತರ ಬಂದ ಇನ್‌ಸ್ಪಿರಾಯ್ 2 ಎಸ್ ಮಾದರಿಯಲ್ಲಿ ಗುಂಡಿಗಳ ಜೊತೆ ಒಂದು ಚಕ್ರವೂ ಇದೆ. ಕ್ಯಾನ್ವಾಸ್ ಹತ್ತಿರ-ದೂರ ಮಾಡಲು ಅದು ಗುಂಡಿಗಿಂತ ಹಿತ. ಎರಡರ ನಡುವೆ ಬೆಲೆ ವ್ಯತ್ಯಾಸ ಸಣ್ಣದಿದ್ದ ದಿನ ಹೊಸದನ್ನೇ ಕೊಳ್ಳಬಹುದು.

ಎಕ್ಸ್‌ಪಿ-ಪೆನ್ ಸ್ಟಾರ್ ಜಿ640 ಆರು ಇಂಚು ಮತ್ತು ನಾಲ್ಕು ಇಂಚಿನದು, 8192 ಹಂತಗಳು, ಗುಂಡಿಗಳಿಲ್ಲ. ಬೆಲೆಯೇ ಇದರ ಮುಖ್ಯ ಆಕರ್ಷಣೆ. ಆನ್‌ಲೈನ್ ಪಾಠ ಹೇಳುವ ಶಿಕ್ಷಕರಿಗೆ ಇದಕ್ಕಿಂತ ಹೆಚ್ಚಿನದು ಬೇಕಾಗಿಲ್ಲ: ಬಿಳಿಹಲಗೆಯ ತಂತ್ರಾಂಶದಲ್ಲಿ ಸಮೀಕರಣ ಬರೆಯಲು, ಒತ್ತಕ್ಷರ ತಿದ್ದಿಸಲು ಸಾಕೇ ಸಾಕು.

ಸ್ವಂತ ಮೇಜು, ದೊಡ್ಡ ಮಾನಿಟರ್, ಏಳೆಂಟು ತಿಂಗಳು ಬಿಡದೆ ಕಲಿಯುತ್ತೇನೆಂಬ ಹಟ ಇರುವವರಿಗೆ ಎಕ್ಸ್‌ಪಿ-ಪೆನ್ ಡೆಕೊ 01 ವಿ2 ನೋಡುವಂಥದ್ದು. 10 ಇಂಚು ಮತ್ತು 6.25 ಇಂಚಿನ ಬರೆಯುವ ಜಾಗ, ಎಂಟು ಗುಂಡಿಗಳು, 60 ಡಿಗ್ರಿಯವರೆಗೆ ಪೆನ್ನಿನ ಓರೆಯನ್ನು ಗುರುತಿಸುವ ಶಕ್ತಿ. ಪೆನ್ಸಿಲನ್ನು ಮಲಗಿಸಿ ಅಗಲವಾಗಿ ಛಾಯೆ ತುಂಬುವ ಅಭ್ಯಾಸವಿದ್ದವರಿಗೆ ಈ ಓರೆಯ ಸೌಲಭ್ಯ ಉಪಯುಕ್ತ. ಗೆರೆಚಿತ್ರ, ವ್ಯಂಗ್ಯಚಿತ್ರ ಬರೆಯುವವರು ಅದನ್ನು ಬಳಸುವುದೇ ಅಪರೂಪ. ಹ್ಯುಯಾನ್‌ನ ಎಚ್1060ಪಿ ಕೂಡ ಇದೇ ಅಳತೆಯದು, ಬದಿಯಲ್ಲಿ ಹನ್ನೆರಡು ಗುಂಡಿಗಳಲ್ಲದೆ ಬರೆಯುವ ಜಾಗದ ಅಂಚಿನಲ್ಲಿ ಪೆನ್ನಿನಿಂದ ತಟ್ಟುವ ಹದಿನಾರು ಮೃದುಗುಂಡಿಗಳೂ ಇವೆ. ಹೊಸಬರಿಗೆ ಇಷ್ಟೊಂದು ಗುಂಡಿಗಳು ಗೊಂದಲಕ್ಕೇ ಹೆಚ್ಚು; ನಾನಾದರೆ ಡೆಕೊ ಆರಿಸುತ್ತೇನೆ. ಗಾವೊಮನ್ ಎಸ್620 ನಾಲ್ಕು ಗುಂಡಿಗಳ, ಆರೂವರೆ ಇಂಚಿನ ಅಗ್ಗದ ಮಾದರಿ. ಟ್ಯಾಬ್ಲೆಟ್ ಕೆಟ್ಟದ್ದಲ್ಲ, ಆದರೆ ಇದರ ಬದಲಿ ಪೆನ್ನು ಮತ್ತು ನಿಬ್ಬುಗಳು ನಿಮಗೆ ಸುಲಭವಾಗಿ ಸಿಗುತ್ತವೆಯೇ ಎಂದು ಮೊದಲು ಹುಡುಕಿ ನೋಡಿ.

ವಾಕಮ್ ಇಂಟುಯೋಸ್ ಎಂಬ ಇನ್ನೊಂದು ಸಾಲಿದೆ. ಸಣ್ಣ ಮಾದರಿಯಲ್ಲಿ ಅದೇ 152 ಮತ್ತು 95 ಮಿಲಿಮೀಟರ್ ಜಾಗ, 4096 ಹಂತ, ನಾಲ್ಕು ಗುಂಡಿ, ಬೇಕಿದ್ದರೆ ಬ್ಲೂಟೂತ್. ಬೆಲೆ ಈ ಲೇಖನದ ಮಿತಿಯನ್ನು ಮೀರುವುದರಿಂದ ಅದರ ಚರ್ಚೆ ಇಲ್ಲಿ ಬೇಡ.

ಪೆನ್ನಿನ ಪರೀಕ್ಷೆ

ಅಂಗಡಿಯಲ್ಲಾಗಲಿ, ಆನ್‌ಲೈನಿನಲ್ಲಿ ತರಿಸಿ ಹಿಂದಿರುಗಿಸುವ ಅವಧಿಯೊಳಗಾಗಲಿ, ಮೂರು ಪರೀಕ್ಷೆಗಳನ್ನು ತಪ್ಪದೆ ಮಾಡಬೇಕು. ಇವಕ್ಕೆ ಕ್ರೀಟಾ ಎಂಬ ಉಚಿತ ಚಿತ್ರ ತಂತ್ರಾಂಶವೊಂದು ಸಾಕು. ಮೊದಲನೆಯದಾಗಿ, ಗೆರೆಯನ್ನು ತಾನಾಗಿ ನೇರ್ಪುಗೊಳಿಸುವ ಸೌಲಭ್ಯವನ್ನು ತಂತ್ರಾಂಶದಲ್ಲಿ ಬಂದ್ ಮಾಡಿ, ಟ್ಯಾಬ್ಲೆಟ್ಟಿನ ಮೇಲೆ ಪ್ಲಾಸ್ಟಿಕ್ ಸ್ಕೇಲನ್ನು ಓರೆಯಾಗಿಟ್ಟು ಅದರ ಅಂಚಿನುದ್ದಕ್ಕೂ ಪೆನ್ನನ್ನು ಬಹಳ ನಿಧಾನವಾಗಿ ಎಳೆಯಬೇಕು. ಕೈ ನಡುಗಲು ಸ್ಕೇಲ್ ಬಿಡುವುದಿಲ್ಲವಾದ್ದರಿಂದ ಪರದೆಯ ಗೆರೆಯಲ್ಲಿ ಅಲೆಯಲೆಯಾದ ಕೊಂಕು ಕಂಡರೆ ಅದು ಟ್ಯಾಬ್ಲೆಟ್ಟಿನದೇ. ಅಡ್ಡಗೆರೆ, ನೆಟ್ಟಗೆರೆಗಳಲ್ಲಿ ಈ ದೋಷ ಅಡಗಿಕೊಳ್ಳುತ್ತದೆ, ಓರೆಗೆರೆಯಲ್ಲಿ ಬಯಲಾಗುತ್ತದೆ. ಅತಿ ಸಣ್ಣ ಅಲೆ ಅಗ್ಗದ ಮಾದರಿಗಳಲ್ಲಿ ಸಾಮಾನ್ಯ, ವೇಗವಾಗಿ ಎಳೆದಾಗ ಅದು ಮಾಯವಾಗುತ್ತದೆ. ಎದ್ದು ಕಾಣುವಷ್ಟಿದ್ದರೆ ಹಿಂದಿರುಗಿಸುವುದೇ ಲೇಸು.

ಎರಡನೆಯದಾಗಿ, ಪೆನ್ನನ್ನು ಹಿಂತುದಿಯಲ್ಲಿ ಎರಡು ಬೆರಳಿನಿಂದ ಸಡಿಲವಾಗಿ ಹಿಡಿದು, ಒತ್ತದೆ, ಅದರ ಸ್ವಂತ ಭಾರದಲ್ಲೇ ನಿಬ್ಬು ಹಲಗೆಯನ್ನು ಮುಟ್ಟಿಕೊಂಡು ಸಾಗುವಂತೆ ಎಳೆಯಬೇಕು. ತೆಳುವಾದರೂ ತುಂಡಾಗದ ಗೆರೆ ಮೂಡಿದರೆ ಪೆನ್ನು ಒಳ್ಳೆಯದು. ಮೂರನೆಯದಾಗಿ, ಬರೆಯುವ ಜಾಗದ ನಾಲ್ಕೂ ಮೂಲೆಗಳಲ್ಲಿ ಸಣ್ಣ ವೃತ್ತಗಳನ್ನು ಸುತ್ತಿ ನೋಡಬೇಕು. ಕೆಲವು ಟ್ಯಾಬ್ಲೆಟ್‌ಗಳಲ್ಲಿ ಅಂಚಿಗೆ ಹೋದಂತೆ ಕರ್ಸರ್ ಪೆನ್ನಿನ ತುದಿಯಿಂದ ಸ್ವಲ್ಪ ಜಾರುತ್ತದೆ.

ಬಳಸಿದ ಟ್ಯಾಬ್ಲೆಟ್ಟನ್ನು ಅರ್ಧ ಬೆಲೆಗೆ ಕೊಳ್ಳುವವರಿಗೆ ಈ ಪರೀಕ್ಷೆಗಳು ಇನ್ನೂ ಮುಖ್ಯ. ಹಲಗೆ ಹಾಳಾಗುವುದು ಅಪರೂಪ. ಹಾಳಾಗುವುದು ಪೆನ್ನು ಮತ್ತು ಕೇಬಲ್ ಸಿಕ್ಕಿಸುವ ಕಿಂಡಿ. ಕೇಬಲನ್ನು ಸಿಕ್ಕಿಸಿದ ಮೇಲೆ ಮೆಲ್ಲಗೆ ಅಲುಗಿಸಿ ಸಂಪರ್ಕ ತಪ್ಪುತ್ತದೆಯೇ ನೋಡಿ. ಒಂದು ಕಂಪನಿಯ ಪೆನ್ನು ಇನ್ನೊಂದರ ಹಲಗೆಗೆ ನಡೆಯುವುದಿಲ್ಲ, ಒಂದೇ ಕಂಪನಿಯ ಬೇರೆ ಬೇರೆ ಮಾದರಿಗಳ ನಡುವೆಯೂ ಎಷ್ಟೋ ಸಲ ನಡೆಯುವುದಿಲ್ಲ. ಪೆನ್ನಿಲ್ಲದ ಟ್ಯಾಬ್ಲೆಟ್ ಅಗ್ಗಕ್ಕೆ ಸಿಕ್ಕಿತೆಂದು ಕೊಂಡರೆ ಹೊಸ ಪೆನ್ನಿನ ಬೆಲೆ ಕೇಳಿದಾಗ ಉಳಿತಾಯವೆಲ್ಲ ಕರಗಿಹೋಗುತ್ತದೆ.

ಡ್ರೈವರ್ ಎಂಬ ತಲೆನೋವು

ಟ್ಯಾಬ್ಲೆಟ್ ಕೆಟ್ಟಿದೆ ಎಂಬ ದೂರುಗಳಲ್ಲಿ ಬಹುಪಾಲು ಡ್ರೈವರ್‌ಗೆ ಸಂಬಂಧಿಸಿದವು. ಕಂಪ್ಯೂಟರಿನಲ್ಲಿ ಹಿಂದೆ ಬೇರೆ ಕಂಪನಿಯ ಟ್ಯಾಬ್ಲೆಟ್ ಇದ್ದರೆ ಅದರ ಡ್ರೈವರನ್ನು ಪೂರ್ತಿ ತೆಗೆದುಹಾಕಿ, ಯಂತ್ರವನ್ನು ಮರುಚಾಲನೆ ಮಾಡಿ, ಆಮೇಲೆ ಹೊಸದನ್ನು ಕಂಪನಿಯ ಸ್ವಂತ ತಾಣದಿಂದ ಇಳಿಸಿಕೊಳ್ಳಬೇಕು. ಎರಡು ಡ್ರೈವರ್‌ಗಳು ಒಟ್ಟಿಗಿದ್ದರೆ ಕರ್ಸರ್ ಚಲಿಸುತ್ತದೆ, ಒತ್ತಡ ಮಾತ್ರ ಸತ್ತಿರುತ್ತದೆ. ವಿಂಡೋಸಿನಲ್ಲಿ ಒತ್ತಡದ ಸಂಕೇತವನ್ನು ಚಿತ್ರ ತಂತ್ರಾಂಶಕ್ಕೆ ಮುಟ್ಟಿಸಲು ವಿಂಡೋಸ್ ಇಂಕ್ ಮತ್ತು ವಿನ್‌ಟ್ಯಾಬ್ ಎಂಬ ಎರಡು ದಾರಿಗಳಿವೆ. ಡ್ರೈವರ್ ಒಂದು ದಾರಿಯಲ್ಲಿ ಕಳುಹಿಸಿ ತಂತ್ರಾಂಶ ಇನ್ನೊಂದು ದಾರಿಯಲ್ಲಿ ಕಾಯುತ್ತಿದ್ದರೆ ಗೆರೆಯೆಲ್ಲ ಒಂದೇ ದಪ್ಪಕ್ಕೆ ಬರುತ್ತದೆ. ಕ್ರೀಟಾದ ಟ್ಯಾಬ್ಲೆಟ್ ಸೆಟ್ಟಿಂಗ್ಸಿನಲ್ಲಿ ಎರಡರಲ್ಲೊಂದನ್ನು ಆರಿಸುವ ಅವಕಾಶವಿದೆ; ಒಂದರಲ್ಲಿ ಆಗದಿದ್ದರೆ ಇನ್ನೊಂದಕ್ಕೆ ಬದಲಿಸಿ ತಂತ್ರಾಂಶವನ್ನು ಮುಚ್ಚಿ ತೆರೆದರೆ ಸರಿಹೋಗುತ್ತದೆ. ಮ್ಯಾಕ್ ಬಳಸುವವರು ಸೆಟ್ಟಿಂಗ್ಸಿನ ಗೋಪ್ಯತೆಯ ವಿಭಾಗಕ್ಕೆ ಹೋಗಿ ಡ್ರೈವರ್‌ಗೆ ಅನುಮತಿ ಕೊಡಬೇಕು. ಅನುಮತಿ ಕೊಡದಿದ್ದರೆ ಪೆನ್ನು ಮುಟ್ಟಿದರೂ ಏನೂ ಆಗದು. ಹ್ಯುಯಾನ್ ಮತ್ತು ಎಕ್ಸ್‌ಪಿ-ಪೆನ್ ಕಂಪನಿಗಳು ಈಗ ಲಿನಕ್ಸ್ ಡ್ರೈವರ್‌ಗಳನ್ನೂ ಕೊಡುತ್ತವೆ, ಆದರೆ ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಿಕೊಂಡವರಿಗೆ ನನ್ನ ಮತ ವಾಕಮ್‌ಗೇ.

ಪರದೆಯಿರುವವು, ಫೋನು, ಉಳಿದ ದಾರಿಗಳು

ಪರದೆಯ ಮೇಲೆಯೇ ಬರೆಯುವ ಟ್ಯಾಬ್ಲೆಟ್‌ಗಳ ಆಸೆ ಎಲ್ಲರಿಗೂ ಇರುತ್ತದೆ. ಹ್ಯುಯಾನ್ ಕಾಮ್ವಾಸ್, ಎಕ್ಸ್‌ಪಿ-ಪೆನ್ ಆರ್ಟಿಸ್ಟ್, ವಾಕಮ್ ಒನ್ ಸಾಲಿನ ಪರದೆಯುಳ್ಳ ಮಾದರಿಗಳು ಈ ಬಗೆಯವು. ‘ಒನ್ ಬೈ ವಾಕಮ್’ ಮತ್ತು ‘ವಾಕಮ್ ಒನ್’ ಬೇರೆ ಬೇರೆ ಎಂಬುದನ್ನು ಆರ್ಡರ್ ಮಾಡುವಾಗ ಗಮನಿಸಬೇಕು. ಇವುಗಳ ಬೆಲೆ ಹಲವು ಪಟ್ಟು ಹೆಚ್ಚು, ಕೇಬಲ್‌ಗಳು ಹೆಚ್ಚು, ತಗ್ಗಿ ಬರೆಯುವುದರಿಂದ ಕತ್ತು ನೋವು ಖಚಿತ. ಕಣ್ಣು ಪರದೆಯಲ್ಲಿ, ಕೈ ಮೇಜಿನಲ್ಲಿ ಎಂಬ ವಿಂಗಡಣೆ ಮೊದಲ ಒಂದೆರಡು ವಾರ ಕಾಡಿದರೂ ದಿನಾ ಅರ್ಧ ಗಂಟೆ ಬರೆದರೆ ರೂಢಿಯಾಗುವುದರಿಂದ, ಅದೊಂದೇ ಕಾರಣಕ್ಕೆ ಇಷ್ಟು ಹಣ ಸುರಿಯುವುದು ಅನವಶ್ಯ.

ಕಂಪ್ಯೂಟರೇ ಇಲ್ಲದೆ ಫೋನಿನಲ್ಲಷ್ಟೇ ಬರೆಯುವವರು ಒಂದು ಮಾತು ತಿಳಿದಿರಬೇಕು. ಆಂಡ್ರಾಯ್ಡ್ ಫೋನಿಗೆ ಜೋಡಿಸಬಹುದಾದ ಟ್ಯಾಬ್ಲೆಟ್‌ಗಳಲ್ಲೂ ಫೋನನ್ನು ನೆಟ್ಟಗೆ ಹಿಡಿದಾಗ ಹಲಗೆಯ ಒಂದು ಸಣ್ಣ ಭಾಗ ಮಾತ್ರ ಕೆಲಸ ಮಾಡುವುದು ಸಾಮಾನ್ಯ. ಈ ಟ್ಯಾಬ್ಲೆಟ್‌ಗಳು ಐಫೋನ್, ಐಪ್ಯಾಡ್‌ಗಳಿಗೆ ಮಾಡಿದವಲ್ಲ. ನೂರಿನ್ನೂರು ರೂಪಾಯಿಗೆ ಸಿಗುವ ರಬ್ಬರ್ ತುದಿಯ ಸ್ಟೈಲಸ್ ಬೆರಳಿನ ಬದಲಿಗೆ ಅಷ್ಟೇ, ಅದಕ್ಕೆ ಒತ್ತಡ ತಿಳಿಯದು. ಕಂಪ್ಯೂಟರ್ ಕೊಳ್ಳುವ ಯೋಚನೆಯೇ ಇಲ್ಲದವರು ಇನ್ನಷ್ಟು ಹಣ ಕೂಡಿಸಿ ಪೆನ್ನಿನೊಂದಿಗೇ ಬರುವ ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎಸ್6 ಲೈಟ್‌ನಂಥದ್ದನ್ನು ನೋಡುವುದು ಮೇಲು. ಅದರ ಪೆನ್ನಿನ ತಂತ್ರಜ್ಞಾನವೂ ವಾಕಮ್‌ನದೇ.

ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಪರೀಕ್ಷೆಗೆ ಕೂರುವ ಮಕ್ಕಳ ತಂದೆತಾಯಿ ಕೇಳಿದರೆ ನನ್ನ ಉತ್ತರ ಬೇರೆ. ಆ ಪರೀಕ್ಷೆಗಳು ಕಾಗದ, ಪೆನ್ಸಿಲ್, ಬಣ್ಣಗಳಲ್ಲೇ ನಡೆಯುತ್ತವೆ. ಪರೀಕ್ಷೆ ಮುಗಿಯುವವರೆಗೆ ಟ್ಯಾಬ್ಲೆಟ್ ಬೇಡ.

ಎಲ್ಲಿ, ಹೇಗೆ ಕೊಳ್ಳುವುದು

ಮುಂಬಯಿಯಲ್ಲಿ ಕಂಪ್ಯೂಟರ್ ಸಾಮಾನಿಗೆ ಗ್ರಾಂಟ್ ರೋಡ್ ಸ್ಟೇಶನ್ನಿಗೆ ಹತ್ತಿರದ ಲ್ಯಾಮಿಂಗ್ಟನ್ ರೋಡ್ ಹೆಸರುವಾಸಿ. ಅಲ್ಲಿ ಚೌಕಾಸಿಗೆ ಅವಕಾಶವಿದೆ, ಆದರೆ ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇನೆ ಎಂಬ ಮಾತಿಗೆ ಮರುಳಾಗಬಾರದು; ಜಿಎಸ್‌ಟಿ ಬಿಲ್ ಇಲ್ಲದಿದ್ದರೆ ವಾರಂಟಿ ಕೇಳುವುದು ಕಷ್ಟ. ಹೋಗುವಾಗ ನಿಮ್ಮ ಲ್ಯಾಪ್‌ಟಾಪಿನಲ್ಲಿ ಡ್ರೈವರ್ ಮತ್ತು ಕ್ರೀಟಾ ಎರಡನ್ನೂ ಮೊದಲೇ ಹಾಕಿಕೊಂಡು ಹೋದರೆ ಕೌಂಟರಿನ ಮೇಲೆಯೇ ಸ್ಕೇಲಿನ ಪರೀಕ್ಷೆ ಮಾಡಬಹುದು. ಮೊಹರು ಒಡೆಯಲು ಅಂಗಡಿಯವರು ಒಪ್ಪದಿದ್ದರೆ ಆನ್‌ಲೈನಿನಲ್ಲಿ ಕಂಪನಿಯ ಅಧಿಕೃತ ಮಳಿಗೆಯಿಂದಲೇ, ಹಿಂದಿರುಗಿಸುವ ಷರತ್ತನ್ನು ಓದಿ, ತರಿಸುವುದು ಸುರಕ್ಷಿತ. ದಸರಾ-ದೀಪಾವಳಿಯ ಮಾರಾಟದ ದಿನಗಳಲ್ಲಿ ಬೆಲೆ ಇಳಿಯುವುದುಂಟು, ಆತುರವಿಲ್ಲದವರು ಕಾಯಬಹುದು.

ಬೆಲೆಗೆ ಇನ್ನೂ ಮೂರು ನಾಲ್ಕು ನೂರು ರೂಪಾಯಿ ಸೇರಿಸಿಟ್ಟುಕೊಳ್ಳಬೇಕು. ಹಲಗೆಯ ಮೈ ಕಾಗದದಂತೆ ಸ್ವಲ್ಪ ತರಿಯಾಗಿರುವುದರಿಂದ ನಿಬ್ಬು ಸವೆಯುತ್ತದೆ; ಒಂದು ಬದಿಗೆ ಸವೆದು ಅಂಚು ಹರಿತವಾದ ನಿಬ್ಬನ್ನು ಹಾಗೆಯೇ ಬಳಸಿದರೆ ಹಲಗೆಯ ಮೇಲೆ ಗೀರು ಬೀಳುತ್ತದೆ. ಪೆಟ್ಟಿಗೆಯಲ್ಲಿ ಕೆಲವು ಬಿಡಿ ನಿಬ್ಬುಗಳು, ಹಳೆಯದನ್ನು ಕೀಳಲು ಒಂದು ಪುಟ್ಟ ಉಂಗುರ ಅಥವಾ ಚಿಮುಟ ಇರುತ್ತವೆ. ಅವು ಮುಗಿಯುವ ಮುನ್ನ ಅದೇ ಪೆನ್ನಿನ ಮಾದರಿ ಸಂಖ್ಯೆ ನೋಡಿ ಇನ್ನೊಂದು ಕಟ್ಟು ತರಿಸಿಟ್ಟುಕೊಳ್ಳಿ. ಮುಂಬಯಿಯ ಸೆಕೆಗೆ, ಅದರಲ್ಲೂ ಮೇ ತಿಂಗಳಲ್ಲಿ ಮತ್ತು ಮಳೆಗಾಲದ ಆರಂಭದಲ್ಲಿ, ಬೆವೆತ ಅಂಗೈ ಹಲಗೆಗೆ ಅಂಟಿಕೊಂಡು ಉದ್ದ ಗೆರೆ ನಡುವೆ ತಡೆಯುತ್ತದೆ. ಕಿರುಬೆರಳು ಮತ್ತು ಉಂಗುರ ಬೆರಳನ್ನಷ್ಟೇ ಮುಚ್ಚುವ ಚಿತ್ರಕಾರರ ಕೈಗವಸು ಇದಕ್ಕೆಂದೇ ಸಿಗುತ್ತದೆ. ಕೆಲವು ಟ್ಯಾಬ್ಲೆಟ್‌ಗಳೊಂದಿಗೆ ಪೆಟ್ಟಿಗೆಯಲ್ಲೇ ಬರುತ್ತದೆ, ಬಾರದಿದ್ದರೆ ಹಳೆಯ ಹತ್ತಿಯ ಕೈಗವಸಿನ ಮೂರು ಬೆರಳು ಕತ್ತರಿಸಿದರೂ ಆಗುತ್ತದೆ. ಕೇಬಲ್ಲನ್ನು ಟ್ಯಾಬ್ಲೆಟ್ಟಿಗೆ ಸಿಕ್ಕಿಸಿಯೇ ಚೀಲಕ್ಕೆ ತುರುಕಬೇಡಿ; ಕಿಂಡಿ ಸಡಿಲವಾಗುವುದು ಹಾಗೆಯೇ.